ಕೆಡಿಇ ಅಕಾಡೆಮಿಗೆ ಹೋಗಲೇಬೇಕಾ? ಇಲ್ಲೇ ಕೂತು ಕೆಲಸ ಮಾಡಿದರೆ ಸಾಲದಾ?

ಬೆಣ್ಣೆದೋಸೆ
ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಕೆಡಿಇಗೆ (ಲಿನಕ್ಸ್‌ಗೆ ಡೆಸ್ಕ್‌ಟಾಪು, ಆಪ್‌ಗಳನ್ನು ಮಾಡುವ ಮುಕ್ತ ತಂತ್ರಾಂಶ ಬಳಗ) ಪ್ಯಾಚ್, ಅಂದರೆ ಕೋಡ್‌ನ ಸಣ್ಣ ತಿದ್ದುಪಡಿ, ಕಳಿಸುತ್ತಿದ್ದೇನೆ. ಜಾಸ್ತಿ ಡಾಲ್ಫಿನ್ ಅನ್ನೋ ಫೈಲ್ ಮ್ಯಾನೇಜರ್‌ಗೆ, ಒಂದೆರಡು ಕೇಟ್ ಎಡಿಟರ್‌ಗೆ. ದೊಡ್ಡದೇನೂ ಅಲ್ಲ. ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಒಂದು ಗಂಟೆ, ಭಾನುವಾರ ಊಟ ಆದ ಮೇಲೆ ಎರಡು ಗಂಟೆ. ಅಷ್ಟೇ.

ಅಕಾಡೆಮಿ ಅಂದರೆ ಕೆಡಿಇಯವರ ವಾರ್ಷಿಕ ಕೂಟ. ಈಗ ಒಬ್ಬ ಮೇಂಟೇನರ್ (ಪ್ಯಾಚ್‌ಗಳನ್ನು ನೋಡಿ ಒಪ್ಪುವವರು) "ಈ ಸಲ ಅಕಾಡೆಮಿಗೆ ಬಾ, ಪ್ರಯಾಣದ ಖರ್ಚಿಗೆ ಅರ್ಜಿ ಹಾಕು" ಅಂದಿದ್ದಾರೆ. (ಮನೆಯಲ್ಲಿ ಅಕಾಡೆಮಿಗೆ ಹೋಗ್ತೀನಿ ಅಂದೆ. ಅಪ್ಪ "ಸಾಹಿತ್ಯ ಅಕಾಡೆಮಿಯಾ? ನೀನ್ಯಾವಾಗ ಕವಿ ಆದೆ?" ಅಂದರು.)

ಹೋದ ವರ್ಷ ಬೇರೊಂದು ಕೂಟಕ್ಕೆ ಹೊರಟಿದ್ದೆ. ಕೂಟ ಮುಗಿದ ಮೂರನೇ ದಿನ ವೀಸಾ ಬಂತು. ಯಾವ ದೇಶದ್ದು ಅಂತ ಹೇಳಲ್ಲ, ಬಿಡಿ. ಹಾಗಾಗಿ ಮತ್ತೆ ಆ ಓಡಾಟ ಬೇಕಾ ಅನ್ನಿಸ್ತಿದೆ. ಹತ್ತು ದಿನದ ರಜೆ ಬೇರೆ ಹೋಗುತ್ತೆ.

ನನ್ನ ನಿಜವಾದ ಪ್ರಶ್ನೆ ಇದು. ಪ್ಯಾಚ್‌ಗಳ ಚರ್ಚೆಯಲ್ಲಿ "ಸ್ಪ್ರಿಂಟ್‌ನಲ್ಲಿ ಮಾತಾಡಿದ ಹಾಗೆ" ಅನ್ನುವ ಸಾಲು ಆಗಾಗ ಕಾಣುತ್ತೆ. (ಸ್ಪ್ರಿಂಟ್ ಅಂದರೆ ಡೆವಲಪರ್‌ಗಳು ಕೆಲವು ದಿನ ಒಂದೆಡೆ ಸೇರಿ ಕೆಲಸ ಮಾಡೋದು.) ಎಲ್ಲವೂ ಆ ಕೋಣೆಯಲ್ಲೇ ತೀರ್ಮಾನ ಆಗುತ್ತಾ? ಹಾಗಿದ್ದರೆ ಹೋಗಬೇಕು. ಸುಮ್ನೆ ಕೈ ಕುಲುಕಿ ಫೋಟೋ ತೆಗೆಸಿಕೊಂಡು ಬರೋದಾದರೆ ಬೇಡ. ಹೋಗಿ ಬಂದವರು ಇದ್ದರೆ ಹೇಳಿ.

ರಾತ್ರಿಪಾಳಿ
ಬೇಡ. ನನ್ನ ಮಟ್ಟಿಗೆ ಅದು ಯುರೋಪ್ ಟೂರ್. 2020, 2021 ಎರಡೂ ವರ್ಷ ಅಕಾಡೆಮಿ ಪೂರ್ತಿ ಆನ್‌ಲೈನ್ ನಡೆಯಿತು. ಆಕಾಶ ಏನು ಕಳಚಿ ಬೀಳಲಿಲ್ಲ. ಪ್ಲಾಸ್ಮಾ (ಕೆಡಿಇಯ ಡೆಸ್ಕ್‌ಟಾಪ್) ಬಿಡುಗಡೆ ಒಂದೂ ನಿಲ್ಲಲಿಲ್ಲ. ನಾನು ಮನೆಯಲ್ಲೇ ಕೂತು, ಕೈಯಲ್ಲಿ ಕಾಫಿ ಹಿಡಿದು ಎಲ್ಲಾ ಭಾಷಣ ಕೇಳಿದೆ. ವೀಸಾನೂ ಬೇಡ, ಜಾಕೆಟ್ಟೂ ಬೇಡ.

ಮೈನ್‌ದಂಡೆ
ಭಾಷಣ ಕೇಳೋಕೆ ಯಾರೂ ಅಕಾಡೆಮಿಗೆ ಹೋಗಲ್ಲ ಕಣ್ರೀ. ಭಾಷಣ ಇರೋದು ಶನಿವಾರ, ಭಾನುವಾರ ಮಾತ್ರ. ಅದನ್ನು ರೆಕಾರ್ಡಿಂಗ್‌ನಲ್ಲೂ ನೋಡಬಹುದು. ಅಸಲಿ ಕೆಲಸ ಶುರುವಾಗೋದು ಸೋಮವಾರ.

ನಾನು ವುರ್ಟ್ಸ್‌ಬುರ್ಗ್ ಹತ್ತಿರ ಇದ್ದೇನೆ. 2024ರ ಅಕಾಡೆಮಿ ಅಲ್ಲೇ ಯೂನಿವರ್ಸಿಟಿಯಲ್ಲಿ ಆಯಿತು, ಸೆಪ್ಟೆಂಬರ್ 7ರಿಂದ 12. ಆ 7ನೇ ತಾರೀಖು ಗಣೇಶ ಚತುರ್ಥಿ! ಹೆಂಡತಿ ಕೈಯಲ್ಲಿ ಬೈಸಿಕೊಂಡೇ ಹೋದೆ. ಬೆಳಗ್ಗೆ ಐದಕ್ಕೆ ಎದ್ದು ಪೂಜೆ ಮುಗಿಸಿ, ಡಬ್ಬಿಯಲ್ಲಿ ಕಡುಬು ಹಾಕಿಕೊಂಡು ಹೊರಟೆ. ಮಧ್ಯಾಹ್ನದೊಳಗೆ ಡಬ್ಬಿ ಖಾಲಿ.

ಸೋಮವಾರದಿಂದ ಬಾಫ್ ಶುರು. ಅಂದರೆ ಒಂದೇ ವಿಷಯದ ಹಿಂದೆ ಬಿದ್ದಿರುವವರು ಒಂದು ಕೋಣೆಯಲ್ಲಿ ಸೇರಿ ಮಾತಾಡೋದು. ಸ್ಲೈಡು, ಮೈಕು ಏನೂ ಇರಲ್ಲ. ವಿಕಿಯಲ್ಲಿ ಒಂದು ಟೇಬಲ್ ಇರುತ್ತೆ, ಅದರಲ್ಲಿ ಕೋಣೆ ನಂಬರು, ಗಂಟೆ. ಖಾಲಿ ಇರುವ ಕಡೆ ನಿಮ್ಮ ವಿಷಯ ಬರೆದರೆ ಮುಗೀತು, ಅದು ನಿಮ್ಮ ಬಾಫ್. ಯಾರ ಅಪ್ಪಣೆಯೂ ಬೇಡ. ಮೂರು ಜನ ಬರಬಹುದು, ಮೂವತ್ತು ಜನವೂ ಬರಬಹುದು. ಒಬ್ಬರು ಎಲ್ಲರಿಗೂ ಕಾಣುವ ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡುತ್ತಾ ಹೋಗುತ್ತಾರೆ. ದಿನದ ಕೊನೆಗೆ ಎಲ್ಲರೂ ದೊಡ್ಡ ಹಾಲ್‌ನಲ್ಲಿ ಸೇರುತ್ತಾರೆ. ಒಂದೊಂದು ಬಾಫ್‌ನವರು ಎದ್ದು ನಿಂತು ಎರಡೆರಡು ನಿಮಿಷದಲ್ಲಿ "ಇದು ಮಾತಾಡಿದೆವು, ಇದು ಮಾಡುತ್ತೇವೆ" ಅಂತ ಹೇಳುತ್ತಾರೆ. ವಾರದ ನಡುವೆ ಒಂದು ದಿನ ಎಲ್ಲರೂ ಊರು ಸುತ್ತೋಕೆ ಹೋಗುತ್ತಾರೆ. ರಾತ್ರಿಪಾಳಿಯವರು ಹೇಳಿದ ಟೂರ್ ಅಂದರೆ ಅದೊಂದೇ.

ನನ್ನ ಕಣ್ಣಲ್ಲಿ ಉಳಿದದ್ದು ಒಂದು ಸಣ್ಣ ಸಂಗತಿ. ಇಬ್ಬರು ಒಂದು ಮರ್ಜ್ ರಿಕ್ವೆಸ್ಟ್ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಮೇಲೆ ವಾರಗಟ್ಟಲೆ ಗುದ್ದಾಡಿದ್ದರು. ಬರಹದಲ್ಲಿ ಓದಿದರೆ ಬದ್ಧವೈರಿಗಳು ಅನ್ನಬೇಕು. ಕಾಫಿಗೆ ಒಂದೇ ಲೈನಲ್ಲಿ ನಿಂತರು. ಒಬ್ಬರು ಲ್ಯಾಪ್‌ಟಾಪ್ ತೆರೆದು "ನೋಡು, ನನಗೆ ಹೀಗೆ ಆಗುತ್ತಿದೆ" ಅಂತ ತೋರಿಸಿದರು. ಇನ್ನೊಬ್ಬರು "ಓ, ನಿನಗೆ ಎರಡು ಮಾನಿಟರಾ!" ಅಂದರು. ಅಲ್ಲಿಗೆ ಜಗಳ ಮುಗೀತು. ಅಷ್ಟು ದಿನ ಒಬ್ಬರು ಒಂದು ಪರದೆ ಇಟ್ಟುಕೊಂಡು, ಇನ್ನೊಬ್ಬರು ಎರಡು ಪರದೆ ಇಟ್ಟುಕೊಂಡು ವಾದ ಮಾಡುತ್ತಿದ್ದರು.

ರಾತ್ರಿಪಾಳಿ
ಅದನ್ನು ಒಂದು ಸ್ಕ್ರೀನ್‌ಶಾಟ್‌ನಲ್ಲೂ ಹೇಳಬಹುದಿತ್ತಲ್ಲ.

ಮೈನ್‌ದಂಡೆ
ಹೇಳಬಹುದಿತ್ತು. ಹೇಳಲಿಲ್ಲವಲ್ಲ!

ಹಳೇಪೆಂಗ್ವಿನ್
ಸ್ವಲ್ಪ ಹಳೇ ಕತೆ ಹೇಳುತ್ತೇನೆ, ಬೇಜಾರಾದರೆ ಮುಂದಕ್ಕೆ ಹೋಗಿ. ಈಗಿನ ಹುಡುಗರು ಈ ಕೂಟಗಳು ಮೊನ್ನೆ ಮೊನ್ನೆ ಶುರುವಾದ ಶೋಕಿ ಅಂದುಕೊಂಡಿದ್ದಾರೆ.

ಕೆಡಿಇ ಶುರುಮಾಡಿದ ಮಥಿಯಾಸ್ ಎಟ್ರಿಶ್ ಯೂಸ್‌ನೆಟ್ ಅನ್ನೋ ಹಳೇ ಇಂಟರ್ನೆಟ್ ಚರ್ಚಾಕಟ್ಟೆಯಲ್ಲಿ "ಡೆಸ್ಕ್‌ಟಾಪ್ ಮಾಡೋಣ ಬನ್ನಿ" ಅಂತ ಕರೆದದ್ದು 1996ರ ಅಕ್ಟೋಬರ್ 14. ಒಂದು ವರ್ಷ ತುಂಬುವ ಮೊದಲೇ, 1997ರಲ್ಲಿ, ಜರ್ಮನಿಯ ಆರ್ನ್ಸ್‌ಬರ್ಗ್‌ನಲ್ಲಿ ಮೊದಲ ಕೂಟ ಆಯಿತು. ಅದಕ್ಕೆ ಕೆಡಿಇ ಒನ್ ಅಂತಲೇ ಹೆಸರು. ಆಮೇಲೆ 1999ರಲ್ಲಿ ಎರ್ಲಾಂಗೆನ್. ಅಲ್ಲಿ ಏನಾಯಿತು ಗೊತ್ತಾ? ಆಗ ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡೋಕೆ ಕಾರ್ಬಾ ಅನ್ನುವ ಆನೆಗಾತ್ರದ ವ್ಯವಸ್ಥೆ ಬಳಸುತ್ತಿದ್ದರು. ಭಾರ ಜಾಸ್ತಿ, ನಿಧಾನ. ಅದನ್ನು ಕಿತ್ತುಹಾಕಿ ಡಿಸಿಒಪಿ ಅನ್ನುವ ಹಗುರವಾದದ್ದನ್ನು ಅಲ್ಲೇ ಬರೆದರು. ಒಂದೇ ರಾತ್ರಿಯಲ್ಲಿ, ಬಿಯರ್ ಕುಡಿಯುತ್ತಾ ಬರೆದರು ಅನ್ನುವ ಕತೆ ಇದೆ. ಬಿಯರ್ ಎಷ್ಟು ಅಂತ ನಾನು ಲೆಕ್ಕ ಹಾಕಿಲ್ಲ. ಆದರೆ ಇವತ್ತು ಗ್ನೋಮ್ (ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್) ಇರಲಿ, ಕೆಡಿಇ ಇರಲಿ, ಎಲ್ಲರೂ ಬಳಸುವ ಡಿ-ಬಸ್ ಇದೆಯಲ್ಲ, ಅದಕ್ಕೆ ಮಾದರಿ ಆದದ್ದು ಈ ಡಿಸಿಒಪಿ.

ಇನ್ನೊಂದು, ನನಗೆ ಜಾಸ್ತಿ ಇಷ್ಟವಾದದ್ದು. ಸ್ವಿಟ್ಜರ್ಲೆಂಡ್‌ನ ಬೆಟ್ಟದ ನಡುವೆ ರಾಂಡಾ ಅಂತ ಪುಟ್ಟ ಹಳ್ಳಿ. ಸುಮಾರು ವರ್ಷ ಕೆಡಿಇಯವರು ಅಲ್ಲಿ ಒಂದು ಮನೆ ಹಿಡಿದು, ಒಟ್ಟಿಗೆ ಉಂಡು, ಮಲಗಿ, ಕೋಡ್ ಬರೆದಿದ್ದಾರೆ. 2011ರ ಜೂನ್‌ನಲ್ಲಿ ಅಲ್ಲಿ ಒಂದು ಸ್ಪ್ರಿಂಟ್ ಆಯಿತು, ಪ್ಲಾಟ್‌ಫಾರ್ಮ್ 11 ಅಂತ. ಆಗ ಕೆಡಿಇಯ ಲೈಬ್ರರಿಗಳೆಲ್ಲ (ಆಪ್‌ಗಳು ಹಂಚಿಕೊಂಡು ಬಳಸುವ ಕೋಡ್) ಒಂದೇ ದೊಡ್ಡ ಗಂಟು. ಅದರಲ್ಲಿ ಒಂದು ಸಣ್ಣ ಭಾಗ ಬೇಕು ಅಂದರೂ ಇಡೀ ಗಂಟನ್ನೇ ಹೊರಬೇಕು. ಹಿಟ್ಟು ಬೇಕು ಅಂದವನಿಗೆ ಗಿರಣಿಯನ್ನೇ ಹೊರಿಸಿದ ಹಾಗೆ. ಆ ಗಂಟನ್ನು ಬಿಚ್ಚಬೇಕು, ಯಾವುದು ಯಾವುದರ ಮೇಲೆ ಕೂತಿದೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಬೇರೆ ಮಾಡಬೇಕು ಅಂತ ಅಲ್ಲಿ ಒಪ್ಪಿದರು. ಕೆಡಿಇ ಫ್ರೇಮ್‌ವರ್ಕ್ಸ್ 5 ಹೊರಬಂದದ್ದು 2014ರ ಜುಲೈನಲ್ಲಿ. 50ಕ್ಕೂ ಹೆಚ್ಚು ಬಿಡಿ ಬಿಡಿ ಲೈಬ್ರರಿ.

ಲೆಕ್ಕ ನೋಡಿ. ಒಪ್ಪಿಕೊಳ್ಳೋಕೆ ಒಂದು ವಾರ. ಮಾಡೋಕೆ ಮೂರು ವರ್ಷ. ಆ ಮೂರು ವರ್ಷದ ಕೆಲಸ ಎಲ್ಲರೂ ಅವರವರ ಮನೆಯಿಂದಲೇ ಮಾಡಿದ್ದು.

ಮೊದಲಪ್ಯಾಚ್
ಸರ್, ಕೆಡಿಇ 4.0 ಕೂಡ ಹೀಗೆ ಕೂಟದಲ್ಲೇ ಪ್ಲಾನ್ ಮಾಡಿದ್ದಲ್ವಾ? ಅದು ಕೆಟ್ಟುಹೋಯ್ತು ಅಂತ ಎಲ್ಲರೂ ಹೇಳ್ತಾರೆ. ನಾನಾಗ ಇನ್ನೂ ಅಂಗನವಾಡಿ 😄

ಹಳೇಪೆಂಗ್ವಿನ್
ಗಾಯಕ್ಕೆ ಉಪ್ಪು ಹಾಕಿದೆಯಲ್ಲಪ್ಪಾ.

ಹೌದು. 2006ರ ಜುಲೈನಲ್ಲಿ ನಾರ್ವೆಯ ಟ್ರೈಸಿಲ್‌ನಲ್ಲಿ ಮುಖ್ಯ ಡೆವಲಪರ್‌ಗಳು ಸೇರಿ ಕೆಡಿಇ 4ರ ಬುನಾದಿ ಬಗ್ಗೆ ಕೆಲಸ ಮಾಡಿದರು. 4.0 ಬಿಡುಗಡೆ ಆದದ್ದು 2008ರ ಜನವರಿ 11. ಅದೇ ತಿಂಗಳು ಮೌಂಟನ್ ವ್ಯೂನ ಗೂಗಲ್ ಕ್ಯಾಂಪಸ್‌ನಲ್ಲಿ ದೊಡ್ಡ ಸಂಭ್ರಮ ಬೇರೆ. ಒಳಗಿದ್ದವರಿಗೆ ಗೊತ್ತಿತ್ತು, ಇದು ಅಡಿಪಾಯ, ಮನೆ ಇನ್ನೂ ಎದ್ದಿಲ್ಲ ಅಂತ. ಆದರೆ ನಂಬರು 4.0. ಬಳಸುವವರು ಏನು ಅಂದುಕೊಳ್ಳುತ್ತಾರೆ? ಗೃಹಪ್ರವೇಶಕ್ಕೆ ಕರೆದಿದ್ದಾರೆ ಅಂತ. ಬಂದು ನೋಡಿದರೆ ಚಾವಣಿ ಇಲ್ಲ. ಡಿಸ್ಟ್ರೋಗಳೂ (ಉಬುಂಟು ಥರ ಲಿನಕ್ಸ್ ಜೋಡಿಸಿ ಕೊಡುವವರು) ಅದನ್ನು ಜನರ ಕೈಗೆ ಕೊಟ್ಟುಬಿಟ್ಟವು. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಕೆಡಿಇ ಬಿಟ್ಟು ಗ್ನೋಮ್‌ಗೆ ಹೋದರು. (ಆಮೇಲೆ ಗ್ನೋಮ್ 3 ಬಂದಾಗ ಅದನ್ನೂ ಬೈದರು. ಅದು ಬೇರೆ ಮಾತು.)

ಆದರೆ ಅಲ್ಲಿ ತಪ್ಪಿದ್ದು ಒಟ್ಟಿಗೆ ಕೂತದ್ದಲ್ಲ ಅನ್ನೋದು ನನ್ನ ಅಭಿಪ್ರಾಯ. ಒಳಗೆ ಗೊತ್ತಿದ್ದದ್ದು ಹೊರಗಿನವರಿಗೆ ಸರಿಯಾಗಿ ಮುಟ್ಟಲಿಲ್ಲ. ಅದೇ 2024ರ ಫೆಬ್ರವರಿ 28ರಂದು ಪ್ಲಾಸ್ಮಾ 6, ಫ್ರೇಮ್‌ವರ್ಕ್ಸ್ 6, ಆಪ್‌ಗಳು ಮೂರೂ ಒಂದೇ ದಿನ ಬಂದಾಗ ನೋಡಿ. ತಿಂಗಳುಗಳ ಮುಂಚಿನಿಂದ ವಾರ ವಾರ ಏನು ಬದಲಾಗುತ್ತಿದೆ ಅಂತ ಬರೆದು ಹಾಕುತ್ತಿದ್ದರು. ನಾನು ಹೆದರಿಕೊಂಡೇ ಅಪ್‌ಡೇಟ್ ಮಾಡಿದೆ. ಏನೂ ಆಗಲಿಲ್ಲ. ಸ್ವಲ್ಪ ನಿರಾಶೆಯೇ ಆಯಿತು ಅನ್ನಿ.

ರಾತ್ರಿಪಾಳಿ
ಪ್ಲಾಸ್ಮಾ 6ರ ಮಾತು ಬಂತಲ್ಲ, ಒಳ್ಳೇದಾಯ್ತು. ಅದೇ ನನ್ನ ಸಾಕ್ಷಿ. ಫೈಲ್ ತೆರೆಯೋಕೆ ಒಂದು ಕ್ಲಿಕ್ಕಾ ಎರಡು ಕ್ಲಿಕ್ಕಾ ಅನ್ನೋ ಜಗಳ ಕೆಡಿಇಯಲ್ಲಿ ಎಷ್ಟೋ ವರ್ಷದ್ದು. 2023ರ ಮೇ ತಿಂಗಳಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ, ಟಕ್ಸೆಡೊ ಕಂಪ್ಯೂಟರ್ಸ್ ಆಫೀಸಿನಲ್ಲಿ ಪ್ಲಾಸ್ಮಾ ಸ್ಪ್ರಿಂಟ್ ನಡೀತು. ಅಲ್ಲಿ ಇದ್ದವರು ಕೂತು ಎರಡು ಕ್ಲಿಕ್ ಅಂದುಬಿಟ್ಟರು. ವೇಲ್ಯಾಂಡ್ (ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಹೊಸ ವ್ಯವಸ್ಥೆ) ಡೀಫಾಲ್ಟ್ ಅಂದರು. ತೇಲುವ ಪ್ಯಾನೆಲ್ ಅಂದರು. ಲಕ್ಷಾಂತರ ಜನ ಬಳಸೋ ಡೆಸ್ಕ್‌ಟಾಪು. ಒಂದು ಕೋಣೆ ತುಂಬ ಜನರ ಮಾತು. ಇದು ಸರಿನಾ?

ಒಂದೇ ಕ್ಲಿಕ್‌ಗೆ ಒಗ್ಗಿದ್ದ ನನ್ನ ಬೆರಳು ಇನ್ನೂ ಶಾಪ ಹಾಕುತ್ತಿದೆ.

ಬೆಣ್ಣೆದೋಸೆ
ಡಾಲ್ಫಿನ್ ಹುಡುಗ ನಾನು, ಇದಕ್ಕೆ ಉತ್ತರ ಕೊಡಬೇಕು. ಸೆಟ್ಟಿಂಗ್ಸ್‌ನಲ್ಲಿ ಒಂದು ಕ್ಲಿಕ್ ಈಗಲೂ ಇದೆ, ಬದಲಾಯಿಸಿಕೊಳ್ಳಿ. ಆಮೇಲೆ, ಆ ತೀರ್ಮಾನಕ್ಕೆ ಮುಂಚೆಯೇ ಹಲವು ಡಿಸ್ಟ್ರೋಗಳು ತಾವಾಗಿಯೇ ಎರಡು ಕ್ಲಿಕ್ ಮಾಡಿಟ್ಟಿದ್ದವು. ಅಂದರೆ ಕೆಡಿಇ ಹೇಳೋದು ಒಂದು, ಜನರ ಕೈಗೆ ಸಿಗೋದು ಇನ್ನೊಂದು ಅನ್ನೋ ಹಾಗಿತ್ತು. ವಿಂಡೋಸ್‌ನಿಂದ ಬಂದವರು ಫೈಲ್ ಸೆಲೆಕ್ಟ್ ಮಾಡಲು ಹೋಗಿ ತೆರೆದುಬಿಡೋದೂ ಇದ್ದೇ ಇತ್ತು.

ಆದರೆ ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ ನನ್ನದೂ ಹೌದು. ಆ ಕೋಣೆಯಲ್ಲಿ ಯಾರಿದ್ದರು? ಸುಲಭವಾಗಿ ರೈಲು ಹತ್ತಿ ಬರಬಲ್ಲವರು ತಾನೇ?

ಮೈನ್‌ದಂಡೆ
ಒಂದು ವಿಷಯ ಬಿಟ್ಟುಹೋಗಬಾರದು. ಕೆಡಿಇಯಲ್ಲಿ ಒಬ್ಬ ಯಜಮಾನ ಅಂತ ಇಲ್ಲ. ಲಿನಕ್ಸ್ ಕರ್ನಲ್‌ಗೆ ಲಿನಸ್ ಇದ್ದ ಹಾಗೆ ಇಲ್ಲಿ ಕೊನೆಯ ಮಾತು ಯಾರದ್ದೂ ಅಲ್ಲ. ಕೆಡಿಇ ಇ.ವಿ. ಅನ್ನೋ ಸಂಸ್ಥೆ ಇದೆ, 1997ರಲ್ಲಿ ಕಟ್ಟಿದ್ದು. ಅದು ದುಡ್ಡು, ಟ್ರೇಡ್‌ಮಾರ್ಕು, ಕಾನೂನು, ಕೂಟಗಳ ಏರ್ಪಾಡು ನೋಡಿಕೊಳ್ಳುತ್ತೆ. ಯಾವ ಬಟನ್ ಎಲ್ಲಿರಬೇಕು ಅಂತ ಅದು ಹೇಳಲ್ಲ. ಅದನ್ನು ಕೆಲಸ ಮಾಡುವವರೇ ಒಪ್ಪಿಕೊಂಡು ಹೇಳಬೇಕು. ಯಜಮಾನ ಇಲ್ಲದ ಮನೆಯಲ್ಲಿ ಅಣ್ಣತಮ್ಮಂದಿರು ವರ್ಷಕ್ಕೊಮ್ಮೆಯಾದರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಇಲ್ಲಾಂದ್ರೆ ಗೋಡೆ ಏಳುತ್ತೆ.

ಹಾಗಂತ ಕೋಣೆಯಲ್ಲಿ ಹೇಳಿದ್ದೇ ಶಾಸನ ಅಲ್ಲ. ಹೊರಗೆ ಬಂದು ಮರ್ಜ್ ರಿಕ್ವೆಸ್ಟ್ ಹಾಕಬೇಕು, ಅಲ್ಲಿ ಯಾರು ಬೇಕಾದರೂ ತಕರಾರು ಎತ್ತಬಹುದು. ಕೋಣೆಯಲ್ಲಿ "ಆಹಾ" ಅನ್ನಿಸಿಕೊಂಡ ಎಷ್ಟೋ ಐಡಿಯಾಗಳು ಆಮೇಲೆ ಬರೆಯುವವರಿಲ್ಲದೆ ಸತ್ತಿವೆ. ಜಾಸ್ತಿ ಸಾಯೋದೇ ಹಾಗೆ.

ಅನುವಾದಕಿ_ಧಾರವಾಡ
ಇಷ್ಟ ಹೊತ್ತು ಸುಮ್ಮನ ಓದಾಕತ್ತಿದ್ದೆ. ಎಲ್ಲಾರೂ ಕೋಡ್ ಬರಿಯೋರ ಮಾತೇ ಆಡ್ಲಿಕತ್ತೀರಿ. ಅನುವಾದ ಮಾಡೋರು ಅಂತ ಒಂದು ಜಾತಿ ಐತ್ರೀ ಇಲ್ಲಿ.

ನಮಗೆ ಯೋಜನೆ ಅಂದರೆ ಒಂದೇ: ಸ್ಟ್ರಿಂಗ್ ಫ್ರೀಜ್ ಯಾವಾಗ? ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿಡುಗಡೆಗೆ ಕೆಲವು ವಾರ ಮುಂಚೆ ಒಂದು ದಿನ ಗೆರೆ ಹಾಕುತ್ತಾರೆ. ಆ ದಿನದಿಂದ ಪರದೆಯ ಮೇಲೆ ಕಾಣುವ ಒಂದು ಪದವನ್ನೂ ಬದಲಾಯಿಸುವ ಹಾಗಿಲ್ಲ. ಅನುವಾದಕರು ಹಿಂದೆ ಬಿದ್ದದ್ದನ್ನು ಮುಗಿಸಿಕೊಳ್ಳೋಕೆ ಇರುವ ಬಿಡುವು ಅದು. ಗ್ನೋಮ್ ಮಾರ್ಚ್‌ಗೊಂದು, ಸೆಪ್ಟೆಂಬರ್‌ಗೊಂದು ಬಿಡುಗಡೆ ಮಾಡುತ್ತೆ, ಆರು ತಿಂಗಳ ಲೆಕ್ಕ. ಕೆಡಿಇಯ ಆಪ್‌ಗಳು ವರ್ಷಕ್ಕೆ ಮೂರು ಸಲ, ಏಪ್ರಿಲ್, ಆಗಸ್ಟ್, ಡಿಸೆಂಬರ್. ಫ್ರೇಮ್‌ವರ್ಕ್ಸ್ ತಿಂಗಳಿಗೊಂದು. ನಾನು ಇವನ್ನೆಲ್ಲ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಬರೆದಿದ್ದೇನೆ, ಹಾಲಿನ ಲೆಕ್ಕದ ಪಕ್ಕ. ನಮ್ಮತ್ತೆ "ಇದೇನು ವ್ರತ?" ಅಂತ ಕೇಳಿದ್ದರು.

ಒಂದು ಪ್ರಾಜೆಕ್ಟ್‌ನಲ್ಲಿ, ಹೆಸರು ಬೇಡ, ಡೆವಲಪರ್‌ಗಳೆಲ್ಲ ಒಂದೆಡೆ ಸೇರಿ ಉತ್ಸಾಹದಲ್ಲಿ ಸೆಟ್ಟಿಂಗ್ಸ್ ಪೂರ್ತಿ ಹೊಸದಾಗಿ ಜೋಡಿಸಿದರು. ಫ್ರೀಜ್‌ಗೆ ಮೂರು ದಿನ ಮುಂಚೆ. ಮುನ್ನೂರು ಚಿಲ್ಲರೆ ಸಾಲು. ನಾನು ಒಬ್ಬಳೇ, ಮಗನಿಗೆ ಜ್ವರ ಬೇರೆ. ಆ ಸಲ ಕನ್ನಡದ ಮೆನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗಿ ಹೊರಗೆ ಹೋಯಿತು. ಒಬ್ಬರು ಬಂದು "ಅನುವಾದ ಬಹಳ ಕಳಪೆ" ಅಂತ ಬಗ್ ಹಾಕಿದರು. ಆ ಕೋಣೆಯಲ್ಲಿ ಒಬ್ಬ ಅನುವಾದಕ ಇದ್ದಿದ್ದರೆ ಸಾಕಿತ್ತು. "ಸ್ವಲ್ಪ ತಡೀರಿ, ಈ ಸಲ ಬೇಡ, ಮುಂದಿನ ಸಲ ಹಾಕೋಣ" ಅನ್ನುತ್ತಿದ್ದರು.

ಅದಕ್ಕೇ ಬೆಣ್ಣೆದೋಸೆ ತಮ್ಮಾ, ಹೋಗು. ನಿನ್ನ ಸಲುವಾಗಿ ಅಲ್ಲ, ನಮ್ಮ ಸಲುವಾಗಿ.

ಬೆಣ್ಣೆದೋಸೆ
ಅಕ್ಕಾ, ನಾನು ಅಲ್ಲಿ ಹೋಗಿ ಏನಂತ ಹೇಳಲಿ? "ಫ್ರೀಜ್ ಪಾಲಿಸಿ" ಅಂದರೆ ಎಲ್ಲರೂ ತಲೆ ಆಡಿಸಿ ಮರೆಯುತ್ತಾರೆ.

ಅನುವಾದಕಿ_ಧಾರವಾಡ
ಅದಲ್ಲ. ಟೈಪಿಂಗ್ ವಿಷಯ ತಗೋ. 2024ರ ಅಕಾಡೆಮಿಯಲ್ಲಿ ಮುಂದಿನ ಎರಡು ವರ್ಷಕ್ಕೆ ಮೂರು ಗುರಿ ಹೇಳಿದರಲ್ಲ, ಅದರಲ್ಲಿ ಒಂದು ಇನ್‌ಪುಟ್ ಬಗ್ಗೆ. ಕೀಬೋರ್ಡು, ಚಿತ್ರ ಬರೆಯುವ ಟ್ಯಾಬ್ಲೆಟ್, ಗೇಮ್ ಕಂಟ್ರೋಲರ್, ಅದರ ಜೊತೆಗೆ ನಮ್ಮಂಥ ಭಾಷೆಗಳ ಟೈಪಿಂಗ್ ಕೂಡ.

ಈಗ ನೋಡು. ಇನ್‌ಸ್ಕ್ರಿಪ್ಟ್ ಅಥವಾ ಕಗಪ ವಿನ್ಯಾಸ ಸಾಕು ಅನ್ನೋರಿಗೆ ಕಷ್ಟ ಇಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಲೇಔಟ್ ಸೇರಿಸಿದರೆ ಮುಗೀತು. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಮೂಡಿಸಿಕೊಳ್ಳುವವರೇ ಜಾಸ್ತಿ ಅಲ್ವಾ? ಅವರಿಗೆ Fcitx 5 ಥರದ್ದು ಒಂದು ಟೈಪಿಂಗ್ ಸಾಧನ ಬೇಕು. ವೇಲ್ಯಾಂಡ್‌ನಲ್ಲಿ ಅದನ್ನು ಚಾಲೂ ಮಾಡೋಕೆ ಎಲ್ಲಿ ಹೋಗಬೇಕು ಗೊತ್ತಾ? "ವರ್ಚುವಲ್ ಕೀಬೋರ್ಡ್" ಅನ್ನೋ ಪುಟಕ್ಕೆ! ನನ್ನೆದುರಿಗೆ ನಿಜವಾದ ಕೀಬೋರ್ಡ್ ಇಟ್ಟುಕೊಂಡು ನಾನ್ಯಾಕೆ ವರ್ಚುವಲ್ ಕೀಬೋರ್ಡ್ ಹುಡುಕಲಿ? ಉಪ್ಪು ಬೇಕು ಅಂದರೆ ದೇವರಮನೆಯಲ್ಲಿ ಹುಡುಕು ಅಂದ ಹಾಗಾಯಿತು. ಒಳಗಿನ ತಂತ್ರದ ದೃಷ್ಟಿಯಿಂದ ಎರಡೂ ಒಂದೇ ದಾರಿಯಲ್ಲಿ ಬರುತ್ತವಂತೆ, ಇರಲಿ. ನನ್ನಂಥ ಮನುಷ್ಯಳಿಗೆ ಅದು ಹೊಳೆಯಲ್ಲ.

ಈ ಒಂದನ್ನು ಲ್ಯಾಪ್‌ಟಾಪ್ ತೆರೆದು ಅವರ ಕಣ್ಣೆದುರು ಮಾಡಿ ತೋರಿಸು. ಆ ಎರಡು ಮಾನಿಟರ್ ಕತೆ ಥರ. ಬರೆದರೆ ಅವರಿಗೆ ಅರ್ಥ ಆಗಲ್ಲ ಅಂತಲ್ಲ. ಆದರೆ ಅಲ್ಲಿ ಬಹಳ ಜನಕ್ಕೆ ಒತ್ತಿದ ಅಕ್ಷರವೇ ಪರದೆ ಮೇಲೆ ಮೂಡುತ್ತೆ. ಒಂದು ಭಾಷೆಗೆ ಬೇರೆ ಥರ ಬೇಕಾಗುತ್ತೆ ಅನ್ನೋದು ಅವರ ಕೈಗೆ ಗೊತ್ತಿರಲ್ಲ.

ರಾತ್ರಿಪಾಳಿ
ಇದು ಒಳ್ಳೆ ಪಾಯಿಂಟ್. ಒಪ್ಪಿದೆ. ಆದರೂ ಹತ್ತು ಜನರ ಪರವಾಗಿ ಒಬ್ಬ ವಿಮಾನ ಹತ್ತಬೇಕಾದ್ದು ನನಗೆ ಸರಿ ಕಾಣಲ್ಲ. ಕೂಟವನ್ನೇ ಇಲ್ಲಿಗೆ ತರಬಾರದಾ?

ಹಳೇಪೆಂಗ್ವಿನ್
ತಂದಿದ್ದಾರೆ! 2011ರ ಮಾರ್ಚ್‌ನಲ್ಲಿ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಭಾರತದ ಮೊದಲ ಕೆಡಿಇ ಸಮ್ಮೇಳನ ಆಯಿತು, ಐದು ದಿನ. ನಾನು ಮೆಜೆಸ್ಟಿಕ್‌ನಿಂದ ಮೈಸೂರು ರಸ್ತೆ ಬಸ್ಸು ಹಿಡಿದು ಹೋಗುತ್ತಿದ್ದೆ. ನಾಯಂಡಹಳ್ಳಿ ಹತ್ತಿರ ದಿನಾ ಟ್ರಾಫಿಕ್ಕು, ದಿನಾ ಮೊದಲ ಭಾಷಣ ತಪ್ಪುತ್ತಿತ್ತು. ಮರುತಿಂಗಳೇ, ಏಪ್ರಿಲ್ 2 ಮತ್ತು 3ಕ್ಕೆ, ದಯಾನಂದ ಸಾಗರ್ ಸಂಸ್ಥೆಯಲ್ಲಿ ಗ್ನೋಮ್ ಏಷ್ಯಾ ಸಮ್ಮೇಳನ. ಗ್ನೋಮ್ 3.0 ಬಿಡುಗಡೆ ಆದದ್ದು ಏಪ್ರಿಲ್ 6. ಅಂದರೆ ಬಿಡುಗಡೆಯ ಹಿಂದಿನ ವಾರ ಅದರ ಡೆವಲಪರ್‌ಗಳು ನಮ್ಮೂರಲ್ಲಿ ಇದ್ದರು. ಒಂದೇ ಬೇಸಿಗೆಯಲ್ಲಿ ಎರಡೂ ಡೆಸ್ಕ್‌ಟಾಪಿನವರು ಬೆಂಗಳೂರಿನಲ್ಲಿ.

ಆಮೇಲೆ ಕೆಡಿಇ ಸಮ್ಮೇಳನ ಗಾಂಧಿನಗರ (ಗುಜರಾತಿನದು, ನಮ್ಮ ಮೆಜೆಸ್ಟಿಕ್ ಪಕ್ಕದ್ದಲ್ಲ), ಕೇರಳದ ಅಮೃತಪುರಿ, ಜೈಪುರ, ಗುವಾಹಟಿ ಅಂತ ಸುತ್ತಿತು. 2024ರ ಡಿಸೆಂಬರ್‌ನಲ್ಲಿ ಗ್ನೋಮ್ ಏಷ್ಯಾ ಮತ್ತೆ ಬೆಂಗಳೂರಿಗೇ ಬಂತು.

ಆದರೆ ನಿಜ ಹೇಳಬೇಕು ಅಂದರೆ, ಇಲ್ಲಿಯವು ಹೆಚ್ಚಾಗಿ ಹೊಸಬರನ್ನು ಕರೆತರುವ ಕೂಟ. ವಿದ್ಯಾರ್ಥಿಗಳು ಬರುತ್ತಾರೆ, ಮೊದಲ ಪ್ಯಾಚ್ ಹೇಗೆ ಕಳಿಸೋದು ಅಂತ ಕಲಿಯುತ್ತಾರೆ. ಅದು ಬೇಕೇ ಬೇಕು. ಆದರೆ ಪ್ಲಾಸ್ಮಾದ ಮುಂದಿನ ವರ್ಷ ಹೇಗಿರಬೇಕು ಅಂತ ಮಾತಾಡೋ ಸ್ಪ್ರಿಂಟ್ ಅಲ್ಲ. ಆ ಥರದ್ದೊಂದು ಇಲ್ಲಿ ನಡೆಯಬೇಕು ಅಂದರೆ ಇಲ್ಲಿಂದ ಮೇಂಟೇನರ್‌ಗಳು ಏಳಬೇಕು.

ಮೊದಲಪ್ಯಾಚ್
ನಾನು ಆ 2024ರ ಗ್ನೋಮ್ ಏಷ್ಯಾಗೆ ಹೋಗಿದ್ದೆ. ಟೀ ಶರ್ಟ್, ಸ್ಟಿಕ್ಕರ್ ಸಿಕ್ಕವು. ಮೊದಲ ಪ್ಯಾಚ್ ಮಾತ್ರ ನಾಲ್ಕು ತಿಂಗಳ ಮೇಲೆ ಹಾಕಿದೆ. ಒಂದು ಅಲ್ಪವಿರಾಮ ಸರಿ ಮಾಡಿದ್ದು. ನಗಬೇಡಿ.

ಮೈನ್‌ದಂಡೆ
ಯಾರೂ ನಗಲ್ಲಪ್ಪ. ನನ್ನ ಮೊದಲನೆಯದು ಒಂದು ಖಾಲಿ ಸಾಲು ಅಳಿಸಿದ್ದು.

ಗ್ನೋಮ್‌ನವರು ಮಾಡಿದ ಒಂದು ಉಪಾಯ ನೆನಪಾಯಿತು. ಅವರ ವಾರ್ಷಿಕ ಕೂಟ ಗ್ವಾಡೆಕ್, 2000ದಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. 2022ರಲ್ಲಿ ಅದು ಮೆಕ್ಸಿಕೊದ ಗ್ವಾಡಲಹಾರಾದಲ್ಲಿ ಇತ್ತು. ಅಷ್ಟು ದೂರ ಹೋಗಲು ಆಗದವರು, ಹೋಗಲು ಮನಸ್ಸಿಲ್ಲದವರು ಬರ್ಲಿನ್‌ನಲ್ಲಿ ಸೇರಿ ಮಿನಿ ಗ್ವಾಡೆಕ್ ಮಾಡಿದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ವಿಡಿಯೊ. ನಡುನಡುವೆ ತಮ್ಮದೇ ಚರ್ಚೆ. ನಾವೂ ಹಾಗೆ ಒಂದು ಮಾಡಬಹುದು. ಬೆಣ್ಣೆದೋಸೆ ಅಲ್ಲಿ ಬಾಫ್ ನಡೆಸಲಿ, ಉಳಿದವರು ಇಲ್ಲಿ ಒಂದು ಕಡೆ ಸೇರಿ. ಬೇಸಿಗೆ ಸಮಯದಲ್ಲಿ ಜರ್ಮನಿ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ 2 ಅಂದರೆ ಇಲ್ಲಿ ಸಂಜೆ 5:30. ಆಫೀಸಿನವರಿಗೂ ಆಗುತ್ತೆ.

ವೀಸಾ, ಖರ್ಚಿನ ಬಗ್ಗೆ ನಾಲ್ಕು ಮಾತು, ಬೆಣ್ಣೆದೋಸೆಗೆ. ಖರ್ಚಿಗೆ ಮೊದಲು ಒಪ್ಪಿಗೆ ತಗೊಳ್ಳಿ, ಆಮೇಲೆ ಟಿಕೆಟ್. ಉಲ್ಟಾ ಮಾಡಬೇಡಿ. ದುಡ್ಡು ಕೈಯಿಂದ ಹಾಕಿ ಬಂದ ಮೇಲೆ ಬಿಲ್ ಕೊಟ್ಟು ವಾಪಸ್ ತಗೊಳ್ಳೋದು ರೂಢಿ, ಹಾಗಾಗಿ ವಿಮಾನ ಹತ್ತುವ ಪಾಸ್‌ನಿಂದ ಹಿಡಿದು ಬಸ್ ಚೀಟಿ ತನಕ ಎತ್ತಿಡಿ. ಅದು ಜನ ಕೊಟ್ಟ ದೇಣಿಗೆಯ ದುಡ್ಡು, ಲೆಕ್ಕ ಕೇಳುತ್ತಾರೆ, ಕೇಳಬೇಕು ಕೂಡ. ಅಷ್ಟು ದುಡ್ಡು ಕೈಯಲ್ಲಿ ಇಲ್ಲ ಅಂದರೆ ಸಂಕೋಚ ಬಿಟ್ಟು ಮೊದಲೇ ಹೇಳಿ. ಆಹ್ವಾನ ಪತ್ರ ಇವತ್ತೇ ಕೇಳಿ, ನಾಳೆ ಅನ್ನಬೇಡಿ. ವೀಸಾಕ್ಕೆ ತಾರೀಖು ಸಿಗುವುದೇ ದೊಡ್ಡ ಕಷ್ಟ. ಅಲ್ಲಿ ಕೂಟದ ಉದ್ದೇಶ ಕೇಳಿದರೆ "ಸಾಫ್ಟ್‌ವೇರ್ ಸಮ್ಮೇಳನ" ಅನ್ನಿ. "ಹ್ಯಾಕ್ ಮಾಡೋಕೆ" ಅನ್ನಬೇಡಿ. ಒಬ್ಬ ಹುಡುಗ ಅಂದಿದ್ದ. ಅರ್ಧ ಗಂಟೆ ಕೂರಿಸಿಕೊಂಡರು.

ಅನುವಾದಕಿ_ಧಾರವಾಡ
ಹ್ಯಾಕ್ 😂😂 ಇನ್ನ ನಾ ಅನುವಾದ ಮಾಡಾಕ ಹೊಂಟೀನಿ ಅಂದ್ರ ಏನಂತಾರೋ!

ಧಾರವಾಡದಲ್ಲಿ ಸೇರೋಣ ಅಂದರೆ ನಮ್ಮ ಮನೆ ಮೇಲಿನ ಹಾಲ್ ಖಾಲಿ ಇದೆ. ಹದಿನೈದು ಜನ ಆರಾಮ ಕೂರಬಹುದು. ಕರೆಂಟ್ ಹೋದರೆ ಯುಪಿಎಸ್ ಎರಡು ತಾಸು ಬರುತ್ತೆ. ಮಿರ್ಚಿ, ಗಿರಮಿಟ್ ನನ್ನ ಜವಾಬ್ದಾರಿ.

ಬೆಣ್ಣೆದೋಸೆ
ಸರಿ. ಎರಡು ದಿನ ಯೋಚನೆ ಮಾಡಿದೆ. ಮ್ಯಾನೇಜರ್ ಹತ್ತಿರ ರಜೆ ಕೇಳಿದೆ, ಮುಖ ಸಿಂಡರಿಸಿಕೊಂಡೇ ಕೊಟ್ಟರು. ಖರ್ಚಿನ ಅರ್ಜಿ ನಿನ್ನೆ ರಾತ್ರಿ ಹಾಕಿದೆ. ಆಹ್ವಾನ ಪತ್ರಕ್ಕೂ ಬರೆದೆ.

ಬಾಫ್ ವಿಷಯ: "ಭಾರತೀಯ ಭಾಷೆಗಳಲ್ಲಿ ಟೈಪಿಂಗ್, ಹೊಸಬರ ಕಣ್ಣಲ್ಲಿ". ವಿಕಿಯ ಟೇಬಲ್ ತೆರೆದ ಕೂಡಲೇ ಮಧ್ಯಾಹ್ನ 2ರ ಜಾಗ ಹಿಡಿಯುತ್ತೇನೆ. ಧಾರವಾಡದ ಹಾಲ್‌ಗೆ ವಿಡಿಯೊ ಲಿಂಕ್ ಕೊಡುತ್ತೇನೆ. ಚರ್ಚೆಯ ನೋಟ್ಸ್ ಅದೇ ದಿನ ಇಲ್ಲೂ ಹಾಕುತ್ತೇನೆ, ಕನ್ನಡದಲ್ಲಿ. ಯಾರು ಏನು ಮಾಡುತ್ತೇವೆ ಅಂದರು ಅನ್ನೋದು ಹೆಸರು ಸಮೇತ ಇರುತ್ತೆ, ಆಮೇಲೆ ಜಾರಿಕೊಳ್ಳಬಾರದು ನೋಡಿ.

ವೀಸಾ ಬರದಿದ್ದರೆ ನಾನೂ ಧಾರವಾಡಕ್ಕೇ ಬರುತ್ತೇನೆ. ಬಾಫ್ ಅಲ್ಲಿಂದಲೇ ನಡೆಸುತ್ತೇನೆ. ಮೇಂಟೇನರ್‌ಗೆ ಹೇಳಿಟ್ಟಿದ್ದೇನೆ, ಒಪ್ಪಿದ್ದಾರೆ.

ಒಂದು ಸಹಾಯ ಬೇಕು. ಹೊಸದಾಗಿ ಲಿನಕ್ಸ್ ಹಾಕಿಕೊಂಡ ಯಾರನ್ನಾದರೂ ಕೂರಿಸಿ, "ಕನ್ನಡದಲ್ಲಿ ನಿಮ್ಮ ಹೆಸರು ಟೈಪ್ ಮಾಡಿ" ಅಂತ ಮಾತ್ರ ಹೇಳಿ. ಸಹಾಯ ಮಾಡಬೇಡಿ. ಅವರು ಎಲ್ಲೆಲ್ಲಿ ಹೋಗುತ್ತಾರೆ, ಎಷ್ಟು ಹೊತ್ತು ಆಗುತ್ತೆ ಅಂತ ಬರೆದು ಕಳಿಸಿ. ಪರದೆಯ ರೆಕಾರ್ಡಿಂಗ್ ಇದ್ದರೆ ಇನ್ನೂ ಒಳ್ಳೇದು.

ಮೊದಲಪ್ಯಾಚ್
ನಮ್ಮ ಹಾಸ್ಟೆಲ್‌ನಲ್ಲಿ ಆರು ಜನ ಸಿಗ್ತಾರೆ. ಭಾನುವಾರ ಮಾಡ್ತೀನಿ.

ಹಳೇಪೆಂಗ್ವಿನ್
ನಮ್ಮ ಮನೆಯವಳನ್ನು ಈಗಲೇ ಕೂರಿಸಿದೆ. ಹನ್ನೊಂದು ನಿಮಿಷ. ಆಮೇಲೆ ಮೊಬೈಲ್‌ನಲ್ಲಿ ಟೈಪ್ ಮಾಡಿ, ನನಗೇ ವಾಟ್ಸಾಪ್ ಕಳಿಸಿ, "ಕಾಪಿ ಮಾಡ್ಕೊಳ್ಳಿ" ಅಂದಳು. ಇದನ್ನೂ ಬರೆದುಕೊಳ್ಳಲಾ?

ಬೆಣ್ಣೆದೋಸೆ
ಅದನ್ನೇ ಮೊದಲು ಬರೆಯಿರಿ ಸರ್!

ರಾತ್ರಿಪಾಳಿ
ಲಿಂಕ್ ಹಾಕಿ, ನಾನೂ ಬರುತ್ತೇನೆ. ಕ್ಯಾಮೆರಾ ಆನ್ ಮಾಡಲ್ಲ. ಅವತ್ತು ಧಾರವಾಡದಲ್ಲಿ ಮಿರ್ಚಿ ಎಷ್ಟು ಹೊತ್ತಿಗೆ?